ಚಹದ ಒಗರು ಮತ್ತು ರೋಗಾಣುಗಳು

ಕೋಲ್ಕತ್ತಕ್ಕೆ ಬಂದು ನೆಲೆಸಿದ ಕನ್ನಡಿಗನ ದಿನಚರಿಯಲ್ಲಿ ಮೊಟ್ಟಮೊದಲು ಬದಲಾಗುವುದು ಪಾನೀಯ. ಊರಿನಲ್ಲಿ ಕಾಫಿಯಿಲ್ಲದೆ ಕಣ್ಣು ತೆರೆಯದವನೂ ಇಲ್ಲಿಗೆ ಬಂದ ಒಂದೆರಡು ವರ್ಷಗಳಲ್ಲಿ ಕಚೇರಿಯ ಎದುರಿನ ಬೀದಿಯಲ್ಲಿ ನಿಂತು, ಮಣ್ಣಿನ ಕುಡಿಕೆಯಲ್ಲಿ ಚಹ ಕುಡಿಯುವವನಾಗುತ್ತಾನೆ. ಲೇಕ್ ಮಾರ್ಕೆಟ್ಟಿನಿಂದ ತಂದ ಕಾಫಿಪುಡಿ ಮನೆಯಲ್ಲಿದ್ದರೂ ಹೊರಗೆ ಚಹವೇ ಗತಿ. ಭಾರತದ ಮೊದಲ ಚಹ ಹರಾಜು 1861ರ ಡಿಸೆಂಬರಿನಲ್ಲಿ ನಡೆದದ್ದು ಈ ನಗರದಲ್ಲಿಯೇ. ಅಂತಹ ಊರಿನಲ್ಲಿ ಚಹಕ್ಕೆ ಸೋಲದಿರುವುದು ಕಷ್ಟ. ಹಾಲು ಬೆರೆಸದ ಚಹವನ್ನು ಬಂಗಾಳಿಗಳು ‘ಲಿಕರ್ ಚಾ’ ಎನ್ನುವರು. ಅದಕ್ಕೆ ನಿಂಬೆಯ ರಸ ಹಿಂಡಿದರೆ ‘ಲೇಬು ಚಾ’.

ಈ ಚಹದ ಜೊತೆಯಲ್ಲಿ ಒಂದು ನಂಬಿಕೆಯೂ ಮನೆಯೊಳಗೆ ಬರುತ್ತದೆ. ಗಂಟಲು ಕೆರೆದರೆ, ಹೊಟ್ಟೆ ಕೆಟ್ಟರೆ ಒಂದು ಲೋಟ ಕರಿಚಹ ಕುಡಿಯಬೇಕೆಂದು ನೆರೆಮನೆಯ ಬಂಗಾಳಿ ಹಿರಿಯರು ಹೇಳುತ್ತಾರೆ. ಅದೇ ಹೊತ್ತಿಗೆ ಊರಿನಿಂದ ದೂರವಾಣಿಯಲ್ಲಿ ಅಜ್ಜಿಯು ದಾಳಿಂಬೆ ಸಿಪ್ಪೆಯ ಕಷಾಯವನ್ನು ಸೂಚಿಸುತ್ತಾರೆ. ಎರಡು ನಾಡುಗಳ ಈ ಎರಡು ಮದ್ದುಗಳಿಗೂ ಸಮಾನವಾದುದು ಒಂದೇ ಗುಣ: ಒಗರು. ಈ ಒಗರಿಗೆ ರೋಗಾಣುಗಳನ್ನು ತಡೆಯುವ ಶಕ್ತಿ ನಿಜವಾಗಿಯೂ ಉಂಟೆ? ಉಂಟಾದರೆ ಅದು ಎಷ್ಟರಮಟ್ಟಿಗೆ ನೆಚ್ಚತಕ್ಕದ್ದು?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಮಳೆಗಾಲದ ಒಂದು ರಾತ್ರಿ ಎರಡು ವರ್ಷದ ಮಗುವಿಗೆ ಭೇದಿ ಹತ್ತಿದಾಗ, ಬಂಧುಬಳಗ ಹತ್ತಿರವಿಲ್ಲದ ಮಹಾನಗರದಲ್ಲಿ, ತಾಯಿ ಮೊದಲು ಯಾವುದಕ್ಕೆ ಕೈಹಾಕಬೇಕು ಎಂಬುದನ್ನು ಈ ಪ್ರಶ್ನೆಯ ಉತ್ತರವೇ ನಿರ್ಧರಿಸುತ್ತದೆ.

ಒಗರಿನ ಮೂಲ

ಆಯುರ್ವೇದವು ಹೇಳುವ ಆರು ರಸಗಳಲ್ಲಿ ಒಗರಿಗೆ ‘ಕಷಾಯ’ವೆಂದೇ ಹೆಸರು. ಬೇರು, ತೊಗಟೆಗಳನ್ನು ಕುದಿಸಿ ಇಳಿಸಿದ ಮದ್ದಿಗೂ ಅದೇ ಹೆಸರು ನಿಂತಿದೆ. ಒಗರೆಂಬುದು ನಾಲಗೆಯ ರುಚಿ ಎನ್ನುವುದಕ್ಕಿಂತ ಬಾಯಿಯ ಒಂದು ಸ್ಪರ್ಶಾನುಭವ. ಸಸ್ಯಗಳಲ್ಲಿರುವ ಪಾಲಿಫಿನಾಲ್ ಎಂಬ ವಸ್ತುಗಳು ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ಹಿಡಿದು ಗಂಟುಕಟ್ಟುತ್ತವೆ. ಆಗ ಬಾಯಿಯ ನುಣುಪು ಹೋಗಿ, ನಾಲಗೆ ಬಿಗಿದಂತೆ ತೋರುತ್ತದೆ. ಪ್ರೋಟೀನನ್ನು ಹಿಡಿಯುವ ಈ ಗುಣವನ್ನು ಓದುಗರು ನೆನಪಿನಲ್ಲಿಡಬೇಕು. ರೋಗಾಣುಗಳೊಡನೆ ಇವು ಹೂಡುವ ಹೋರಾಟದಲ್ಲಿಯೂ ಅದಕ್ಕೆ ಪಾತ್ರವಿದೆ.

ಪಾಲಿಫಿನಾಲ್‌ಗಳ ದೊಡ್ಡ ಕುಟುಂಬದಲ್ಲಿ ಒಂದು ಮುಖ್ಯ ಶಾಖೆ ಫ್ಲೇವನಾಯ್ಡ್‌ಗಳದು. ಹದಿನೈದು ಇಂಗಾಲದ ಪರಮಾಣುಗಳ ಒಂದು ಚೌಕಟ್ಟು ಇವಕ್ಕೆಲ್ಲ ಸಾಮಾನ್ಯ: ಎರಡು ಕೊನೆಗಳಲ್ಲಿ ಆರಾರು ಪರಮಾಣುಗಳ ಎರಡು ಬಳೆಗಳು, ನಡುವೆ ಮೂರು ಪರಮಾಣುಗಳ ಸೇತುವೆ. ಈ ಚೌಕಟ್ಟಿನ ಮೇಲೆ ಅಲ್ಲಲ್ಲಿ ಸಣ್ಣಪುಟ್ಟ ಬದಲಾವಣೆಗಳಾಗಿ ಸಾವಿರಾರು ಬಗೆಯ ಫ್ಲೇವನಾಯ್ಡ್‌ಗಳು ಹುಟ್ಟಿವೆ. ಈರುಳ್ಳಿಯ ಕ್ವೆರ್ಸೆಟಿನ್, ಕಿತ್ತಳೆಯ ಹೆಸ್ಪೆರಿಡಿನ್, ನೇರಳೆ ಹಣ್ಣಿನ ಬಣ್ಣವಾದ ಆಂಥೊಸಯನಿನ್, ಸೋಯಾ ಅವರೆಯ ಐಸೊಫ್ಲೇವನ್ ಎಲ್ಲವೂ ಒಂದೇ ಮನೆತನದವು. ಗಿಡವು ಇವನ್ನು ತನ್ನ ಅಗತ್ಯಕ್ಕಾಗಿ ತಯಾರಿಸಿಕೊಳ್ಳುತ್ತದೆ. ಸುಡುಬಿಸಿಲಿನ ಅತಿನೇರಳೆ ಕಿರಣಗಳಿಂದ ಎಲೆಯನ್ನು ಕಾಪಾಡುವುದು, ಹೂವಿಗೆ ಬಣ್ಣ ಕೊಟ್ಟು ದುಂಬಿಯನ್ನು ಕರೆಯುವುದು, ಶಿಲೀಂಧ್ರ ಹಾಗೂ ಬ್ಯಾಕ್ಟೀರಿಯಗಳನ್ನು ದೂರವಿಡುವುದು ಇವುಗಳ ಕೆಲಸ. ಓಡಿಹೋಗಲು ಕಾಲಿಲ್ಲದ ಜೀವಿಗೆ ರಸಾಯನವೇ ಆಯುಧ.

ಚಹದ ಎಲೆಯಲ್ಲಿರುವ ಫ್ಲೇವನಾಯ್ಡ್‌ಗಳಿಗೆ ಕ್ಯಾಟೆಚಿನ್ ಎಂಬ ಹೆಸರಿದೆ. ಈ ಹೆಸರು ಬಂದದ್ದು ತಾಂಬೂಲದ ಕಾಚಿನಿಂದ. ಖದಿರ ಮರದ ಚೇಗನ್ನು ಕುದಿಸಿ ತೆಗೆದ ಈ ಒಗರು ವಸ್ತುವಿಗೆ ಯುರೋಪಿನ ವ್ಯಾಪಾರಿಗಳು ‘ಕ್ಯಾಟೆಚು’ ಎಂದರು. ಆ ಮಾತಿಗೂ ಕನ್ನಡದ ‘ಕಾಚು’ ಎಂಬ ಮಾತಿಗೂ ನಂಟಿದೆಯೆಂಬುದು ಭಾಷಾತಜ್ಞರ ಅಭಿಪ್ರಾಯ. ಚಹದ ಕ್ಯಾಟೆಚಿನ್‌ಗಳಲ್ಲಿ ಹೆಚ್ಚು ಪ್ರಬಲವಾದುದು ಎಪಿಗ್ಯಾಲೊಕ್ಯಾಟೆಚಿನ್ ಗ್ಯಾಲೇಟ್. ಈ ಉದ್ದನೆಯ ಹೆಸರನ್ನು ವಿಜ್ಞಾನಿಗಳೇ ‘ಇಜಿಸಿಜಿ’ ಎಂದು ಮೊಟಕುಗೊಳಿಸಿಕೊಂಡಿದ್ದಾರೆ. ಹಸಿರು ಚಹದಲ್ಲಿ ಇದು ಬಹುಮಟ್ಟಿಗೆ ಹಾಗೆಯೇ ಉಳಿದಿರುತ್ತದೆ. ಅಸ್ಸಾಮಿನ ಕಪ್ಪು ಚಹವನ್ನು ತಯಾರಿಸುವಾಗ ಎಲೆಯನ್ನು ಅರೆದು ಗಾಳಿಗೆ ಬಿಡುವುದರಿಂದ ಕ್ಯಾಟೆಚಿನ್‌ಗಳು ಒಂದಕ್ಕೊಂದು ಕೂಡಿ ಥಿಯಾಫ್ಲೇವಿನ್ ಮೊದಲಾದ ಕೆಂಬಣ್ಣದ ವಸ್ತುಗಳಾಗುತ್ತವೆ. ಇವಕ್ಕೂ ಬ್ಯಾಕ್ಟೀರಿಯಗಳನ್ನು ತಡೆಯುವ ಗುಣವಿದೆ.

ಸೈನಿಕರ ನೀರಿನ ಸೀಸೆಯಿಂದ ಪ್ರಯೋಗಶಾಲೆಗೆ

ಚಹದ ಈ ಗುಣವು ಇತ್ತೀಚೆಗೆ ಕಂಡುಹಿಡಿದುದಲ್ಲ. ಬ್ರಿಟಿಷ್ ಸೇನೆಯ ವೈದ್ಯಾಧಿಕಾರಿ ಮೇಜರ್ ಮ್ಯಾಕ್‌ನಾಟ್ ಎಂಬುವರು 1906ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕುದಿಸಿ ಇಳಿಸಿದ ಕಪ್ಪು ಚಹವು ವಿಷಮಶೀತಜ್ವರದ, ಅಂದರೆ ಟೈಫಾಯ್ಡಿನ, ರೋಗಾಣುಗಳನ್ನು ಕೊಲ್ಲುವುದೆಂದು ಅವರು ತೋರಿಸಿದರು. ಸೈನಿಕರ ನೀರಿನ ಸೀಸೆಗಳಲ್ಲಿ ನೀರಿಗೆ ಬದಲಾಗಿ ಚಹವನ್ನು ತುಂಬಬೇಕೆಂದು ಸಲಹೆಯನ್ನೂ ಕೊಟ್ಟರು.

ಕೋಲ್ಕತ್ತಕ್ಕೂ ಕಾಲರಾ ರೋಗದ ಇತಿಹಾಸಕ್ಕೂ ಇರುವ ಸಂಬಂಧ ಸರ್ವವಿದಿತ. ಜರ್ಮನಿಯ ರಾಬರ್ಟ್ ಕೋಖ್ 1884ರಲ್ಲಿ ಈ ನಗರದ ರೋಗಿಗಳಲ್ಲಿಯೂ ಕೆರೆಯ ನೀರಿನಲ್ಲಿಯೂ ಕಾಲರಾದ ರೋಗಾಣುವನ್ನು ಗುರುತಿಸಿದರು. ಆ ರೋಗಾಣು ಸ್ರವಿಸುವ ವಿಷವೇ ಭೇದಿಗೆ ಕಾರಣವೆಂದು 1959ರಲ್ಲಿ ನಿರೂಪಿಸಿದವರು ಈ ನಗರದ ರೋಗಶಾಸ್ತ್ರಜ್ಞ ಶಂಭುನಾಥ ದೇ. ಮೊಲದ ಕರುಳಿನ ಒಂದು ತುಂಡನ್ನು ಎರಡು ಕಡೆ ಕಟ್ಟಿ, ಅದರೊಳಗೆ ರೋಗಾಣುವನ್ನು ಬಿಟ್ಟು, ಎಷ್ಟು ದ್ರವ ತುಂಬುವುದೆಂದು ನೋಡುವ ವಿಧಾನವನ್ನು ಅವರು 1953ರಲ್ಲಿಯೇ ಬಳಕೆಗೆ ತಂದಿದ್ದರು.

ದೇ ಅವರ ಈ ವಿಧಾನವು ಮುಂದೆ ಚಹದ ಪರೀಕ್ಷೆಗೂ ನೆರವಾಯಿತು. ಜಪಾನಿನ ತೋದಾ, ಶಿಮಾಮುರಾ ಮತ್ತು ಸಂಗಡಿಗರು 1989ರಿಂದ ಚಹದ ಮೇಲೆ ಸರಣಿ ಪ್ರಯೋಗಗಳನ್ನು ಪ್ರಕಟಿಸಿದರು. 1992ರ ಪ್ರಯೋಗದಲ್ಲಿ ಕಟ್ಟಿದ ಮೊಲದ ಕರುಳಿನೊಳಗೆ ಕಾಲರಾ ರೋಗಾಣುವಿನ ಜೊತೆ ಚಹದ ಕ್ಯಾಟೆಚಿನ್‌ಗಳನ್ನೂ ಬಿಟ್ಟಾಗ, ತುಂಬುವ ದ್ರವದ ಪ್ರಮಾಣ ಇಳಿಯಿತು. 2005ರಲ್ಲಿ ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯದ ಸಂಶೋಧಕರು ಚಹದ ಸಾರವನ್ನು ಹಲವು ಜಾತಿಯ ಬ್ಯಾಕ್ಟೀರಿಯಗಳ ಮೇಲೆ ಪರೀಕ್ಷಿಸಿ, ಅವುಗಳ ಬೆಳವಣಿಗೆಗೆ ತಡೆಯುಂಟಾಗುವುದನ್ನು ವರದಿಮಾಡಿದರು. ಸಾಲ್ಮೊನೆಲ್ಲ ಸೋಂಕಿಗೆ ಗುರಿಪಡಿಸಿದ ಇಲಿಗಳಿಗೂ ಅದರಿಂದ ರಕ್ಷಣೆ ದೊರೆಯಿತು.

ತಡೆಯುವ ಬಗೆಗಳು

ಹಾಗಾದರೆ ಈ ಸಸ್ಯವಸ್ತುಗಳು ಬ್ಯಾಕ್ಟೀರಿಯವನ್ನು ತಡೆಯುವುದು ಹೇಗೆ? ಬ್ಯಾಕ್ಟೀರಿಯವನ್ನು ಒಂದು ಪುಟ್ಟ ಕೋಟೆಯೆಂದು ಭಾವಿಸಿದರೆ ವಿಷಯ ಸುಲಭವಾಗುತ್ತದೆ. ಕೋಟೆಗೆ ಗೋಡೆಯುಂಟು, ಒಳಗೆ ಉಗ್ರಾಣ, ಒಲೆ, ದಫ್ತರಗಳುಂಟು, ಬೇಡದ ವಸ್ತುವನ್ನು ಹೊರಗೆ ನೂಕುವ ಬಾಗಿಲುಗಳೂ ಉಂಟು. ಬೇರೆ ಬೇರೆ ಫ್ಲೇವನಾಯ್ಡ್‌ಗಳು ಬೇರೆ ಬೇರೆ ಕಡೆಯಿಂದ ಆಕ್ರಮಿಸುತ್ತವೆ.

ಮೊದಲನೆಯದು ಗೋಡೆಯ ಮೇಲಿನ ಆಕ್ರಮಣ. ಚಹದ ಕ್ಯಾಟೆಚಿನ್‌ಗಳು ಬ್ಯಾಕ್ಟೀರಿಯದ ಕೊಬ್ಬಿನ ಪೊರೆಯೊಳಗೆ ನುಸುಳಿ ಅದನ್ನು ಕೆಡಿಸುತ್ತವೆ. ಒಳಗಿನ ಲವಣಗಳೂ ಇತರ ವಸ್ತುಗಳೂ ಹೊರಗೆ ಸೋರುತ್ತವೆ. ಇಜಿಸಿಜಿಯು ನೀರಿನಲ್ಲಿ ಆಮ್ಲಜನಕದೊಡನೆ ವರ್ತಿಸಿ ಹೈಡ್ರೋಜನ್ ಪೆರಾಕ್ಸೈಡನ್ನು ಹುಟ್ಟಿಸುವುದೂ ಉಂಟು. ಗಾಯ ತೊಳೆಯಲು ಬಳಸುತ್ತಿದ್ದ ನೊರೆಯೇಳುವ ದ್ರವ ಅದೇ.

ಎರಡನೆಯದು ದಫ್ತರಕ್ಕೆ ಅಡ್ಡಿ. ಬ್ಯಾಕ್ಟೀರಿಯವು ಎರಡಾಗಿ ಒಡೆಯುವ ಮುನ್ನ ತನ್ನ ವಂಶವಾಹಿಯಾದ ಡಿಎನ್‌ಎಯ ಪ್ರತಿಯನ್ನು ಮಾಡಿಕೊಳ್ಳಬೇಕು. ಹುರಿಗೊಂಡ ಆ ಎಳೆಯ ಸಿಕ್ಕನ್ನು ಸಡಿಲಿಸುವ ಕೆಲಸ ಡಿಎನ್‌ಎ ಗೈರೇಸ್ ಎಂಬ ಕಿಣ್ವದ್ದು. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಈ ಕಿಣ್ವದ ಒಂದು ಭಾಗಕ್ಕೆ ಅಂಟಿಕೊಳ್ಳುವುದೆಂದು 2003ರಲ್ಲಿ ಪ್ರಕಟವಾಯಿತು. ಸಿಪ್ರೊಫ್ಲಾಕ್ಸಸಿನ್ ಮೊದಲಾದ ಮಾತ್ರೆಗಳು ಗುರಿಯಿಡುವುದೂ ಇದೇ ಕಿಣ್ವದ ಮೇಲೆ.

ಮೂರನೆಯದು ಒಲೆಯನ್ನು ಆರಿಸುವುದು. ಜ್ಯೇಷ್ಠಮಧುವಿನ ಜಾತಿಯ ಒಂದು ಗಿಡದ ಬೇರಿನಲ್ಲಿರುವ ಲಿಕೊಚಾಲ್ಕೋನ್ ಎಂಬ ವಸ್ತುವು ಬ್ಯಾಕ್ಟೀರಿಯದ ಉಸಿರಾಟದ ಸರಪಣಿಯನ್ನು ಕಡಿದು, ಅದಕ್ಕೆ ಶಕ್ತಿ ದೊರೆಯದಂತೆ ಮಾಡುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಸ್ವಾರಸ್ಯವಾದುದು. ಒಳಗೆ ಬಂದ ಔಷಧವನ್ನು ಪಂಪಿನಂತೆ ಹೊರಗೆ ನೂಕುವ ವ್ಯವಸ್ಥೆ ಅನೇಕ ಬ್ಯಾಕ್ಟೀರಿಯಗಳಲ್ಲಿದೆ. ಹಿಮಾಲಯದ ದಾರುಹರಿದ್ರವೂ ಅದರ ದಾಯಾದಿಗಳಾದ ಅಮೆರಿಕದ ಕೆಲವು ಪೊದೆಗಿಡಗಳೂ ಬರ್ಬೆರಿನ್ ಎಂಬ ಹಳದಿ ವಸ್ತುವನ್ನು ತಯಾರಿಸುತ್ತವೆ. ಬರ್ಬೆರಿನ್ ಒಂದನ್ನೇ ಕೊಟ್ಟರೆ ಸ್ಟ್ಯಾಫಿಲೊಕಾಕಸ್ ಅದನ್ನು ಹೊರಗೆ ತಳ್ಳಿ ಬದುಕಿಕೊಳ್ಳುತ್ತದೆ. ಆದರೆ ಅಮೆರಿಕದ ಆ ಗಿಡದಲ್ಲಿಯೇ ಫ್ಲೇವನಾಯ್ಡ್ ವರ್ಗಕ್ಕೆ ಸೇರಿದ ಮತ್ತೊಂದು ವಸ್ತುವಿದ್ದು, ಅದು ಈ ಪಂಪನ್ನು ಕಟ್ಟಿಹಾಕುವುದೆಂದು 2000ದಲ್ಲಿ ಅಲ್ಲಿಯ ಸಂಶೋಧಕರು ಕಂಡುಕೊಂಡರು. ತಾನಾಗಿ ಬ್ಯಾಕ್ಟೀರಿಯವನ್ನು ಕೊಲ್ಲಲಾರದ ಈ ವಸ್ತುವು ಕೊಲ್ಲುವವನಿಗೆ ಬಾಗಿಲು ಕಾಯುತ್ತದೆ. ಇದರ ಹತ್ತಿರದ ಬಂಧುವಾದ ಹಿಡ್ನೊಕಾರ್ಪಿನ್ ಭಾರತಕ್ಕೆ ಅಪರಿಚಿತವಲ್ಲ. ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುವ, ಹಿಂದೆ ಕುಷ್ಠರೋಗಕ್ಕೆ ಎಣ್ಣೆ ತೆಗೆಯುತ್ತಿದ್ದ ಚಾಲ್ಮೂಗ್ರ ಜಾತಿಯ ಮರದ ಬೀಜದಿಂದ ರಸಾಯನಶಾಸ್ತ್ರಜ್ಞ ಟಿ. ಆರ್. ಶೇಷಾದ್ರಿಯವರ ಬಳಗವು 1970ರ ದಶಕದಲ್ಲಿ ಅದನ್ನು ಬೇರ್ಪಡಿಸಿತ್ತು.

ಎಲ್ಲ ಬ್ಯಾಕ್ಟೀರಿಯಗಳೂ ಇವಕ್ಕೆ ಒಂದೇ ಸಮನೆ ಬಗ್ಗುವುದಿಲ್ಲ. ಚರ್ಮದ ಕುರುವಿಗೆ ಕಾರಣವಾಗುವ ಸ್ಟ್ಯಾಫಿಲೊಕಾಕಸ್‌ನಂತಹವು ಬೇಗ ಮಣಿಯುತ್ತವೆ. ಕರುಳಿನ ಇ. ಕೋಲಿ, ಟೈಫಾಯ್ಡಿನ ಸಾಲ್ಮೊನೆಲ್ಲ ಮೊದಲಾದವಕ್ಕೆ ಹೊರಗೆ ಇನ್ನೊಂದು ಪೊರೆಯ ಕವಚವಿರುವುದರಿಂದ ಅವನ್ನು ಮಣಿಸುವುದು ಕಷ್ಟ.

ಜಮಾ-ಖರ್ಚಿನ ಲೆಕ್ಕ

ಇಷ್ಟನ್ನು ಓದಿದವರಿಗೆ, ಹಾಗಾದರೆ ಔಷಧದ ಅಂಗಡಿಗೆ ಹೋಗುವುದೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರ ಲೆಕ್ಕದಲ್ಲಿದೆ.

ಗ್ರಾಮಿನ ಹತ್ತು ಲಕ್ಷದ ಒಂದು ಭಾಗಕ್ಕೆ ಮೈಕ್ರೋಗ್ರಾಂ ಎಂದು ಹೆಸರು. ಸುಲಭವಾಗಿ ಮಣಿಯುವ ಸ್ಟ್ಯಾಫಿಲೊಕಾಕಸ್ಸನ್ನು ತಡೆಯಲು ಕೂಡ ಒಂದು ಮಿಲಿಲೀಟರ್ ದ್ರವದಲ್ಲಿ ಸುಮಾರು 50ರಿಂದ 100 ಮೈಕ್ರೋಗ್ರಾಂ ಇಜಿಸಿಜಿ ಬೇಕಾಗುತ್ತದೆ. ಕರುಳಿನ ರೋಗಾಣುಗಳಿಗೆ ಇನ್ನೂ ಹೆಚ್ಚು. ಗಟ್ಟಿಯಾದ ಹಸಿರು ಚಹದ ಲೋಟದಲ್ಲಿ ಒಂದು ಮಿಲಿಲೀಟರಿಗೆ ಕೆಲವು ನೂರು ಮೈಕ್ರೋಗ್ರಾಂ ಇರುವುದುಂಟು. ಆದುದರಿಂದ ಲೋಟದಲ್ಲಿ ಜಮಾ ಸಾಕಷ್ಟಿದೆ. ಬಾಯಿಗೆ ಬಂದಾಗಲೂ ಇದೆ. ಆದರೆ ಕರುಳಿನಿಂದ ರಕ್ತಕ್ಕೆ ಸೇರುವುದು ಬಹಳ ಸ್ವಲ್ಪ. ಸೇರಿದ್ದನ್ನೂ ಯಕೃತ್ತು ಬೇಗನೆ ಮಾರ್ಪಡಿಸುತ್ತದೆ. ಒಂದೆರಡು ಲೋಟ ಚಹ ಕುಡಿದವನ ರಕ್ತದಲ್ಲಿ ಕಾಣುವ ಇಜಿಸಿಜಿ ಮಿಲಿಲೀಟರಿಗೆ ಅರ್ಧ ಮೈಕ್ರೋಗ್ರಾಮಿಗಿಂತ ಕಡಿಮೆ. ಬೇಕಾದುದರ ನೂರನೆಯ ಒಂದು ಭಾಗದಷ್ಟು ಮಾತ್ರ ಕೈಗೆ ಬಂದಿದೆಯೆಂದರೆ ಆ ಖಾತೆಯಿಂದ ಯಾವ ಸಾಲವೂ ತೀರದು.

ಚಹದ ಬಲವೆಲ್ಲಿ, ಮಿತಿಯೆಲ್ಲಿ ಎಂಬುದನ್ನು ಈ ಒಂದು ಲೆಕ್ಕವೇ ತಿಳಿಸುತ್ತದೆ. ದ್ರವವು ರೋಗಾಣುವನ್ನು ನೇರವಾಗಿ ಮುಟ್ಟುವ ಬಾಯಿಯಲ್ಲಿ ಅದು ಉಪಕಾರಿ. ಹಲ್ಲು ಹುಳುಕಾಗಿಸುವ ಬ್ಯಾಕ್ಟೀರಿಯವು ಹಲ್ಲಿಗೆ ಅಂಟಿಕೊಳ್ಳಲು ಮಾಡಿಕೊಳ್ಳುವ ಜಿಗುಟನ್ನು ಚಹದ ಪಾಲಿಫಿನಾಲ್‌ಗಳು ಕಡಿಮೆಮಾಡುತ್ತವೆ. ಸಕ್ಕರೆ ಹಾಕದ ಚಹಕ್ಕೆ ಮಾತ್ರ ಈ ಮಾತು ಸಲ್ಲುತ್ತದೆ. ಆದರೆ ರಕ್ತವನ್ನು ಸೇರಿದ ಟೈಫಾಯ್ಡ್, ಶ್ವಾಸಕೋಶದ ನ್ಯುಮೋನಿಯ, ಮೂತ್ರಕೋಶದ ಸೋಂಕು ಇವುಗಳ ಹತ್ತಿರಕ್ಕೂ ಚಹದ ಒಗರು ಸಾಕಷ್ಟು ಪ್ರಮಾಣದಲ್ಲಿ ತಲುಪುವುದಿಲ್ಲ. ಮ್ಯಾಕ್‌ನಾಟರ ಚಹವು ಸೀಸೆಯೊಳಗಿನ ರೋಗಾಣುವನ್ನು ಕೊಂದಿತು. ಸೈನಿಕನ ಒಡಲಿನ ಟೈಫಾಯ್ಡನ್ನು ವಾಸಿಮಾಡಿತೆಂದು ಅವರೂ ಹೇಳಲಿಲ್ಲ. ನೀರನ್ನು ಕುದಿಸಿದ್ದೂ ಆ ಸೀಸೆಗೆ ದೊರೆತ ಒಂದು ದೊಡ್ಡ ರಕ್ಷಣೆ.

ಬೋನ್‌ಗಾಂವ್ ಕಲಿಸಿದ ಪಾಠ

ಇನ್ನು ಆ ಮಳೆಗಾಲದ ರಾತ್ರಿಯ ಮಗುವಿನ ಮಾತು. ಭೇದಿಯಲ್ಲಿ ಮಗುವಿನ ಜೀವಕ್ಕೆ ಎರವಾಗುವುದು ಬಹುಪಾಲು ರೋಗಾಣುವಿಗಿಂತ ಹೆಚ್ಚಾಗಿ ದೇಹದಿಂದ ಹರಿದುಹೋಗುವ ನೀರು ಮತ್ತು ಲವಣ. ಚಿಕ್ಕ ಮಕ್ಕಳ ಭೇದಿಗೆ ಅನೇಕ ವೇಳೆ ವೈರಸ್ಸುಗಳೇ ಕಾರಣವಾದುದರಿಂದ ಬ್ಯಾಕ್ಟೀರಿಯವನ್ನು ಕೊಲ್ಲುವ ಔಷಧಕ್ಕೆ ಅಲ್ಲಿ ಕೆಲಸವೂ ಇಲ್ಲ.

ಇದನ್ನು ಜಗತ್ತಿಗೆ ಕಣ್ಣಾರೆ ತೋರಿಸಿದವರು ಕೋಲ್ಕತ್ತದ ವೈದ್ಯರೇ. 1971ರ ಬಾಂಗ್ಲಾ ಯುದ್ಧದ ಕಾಲದಲ್ಲಿ ಗಡಿಯ ಬೋನ್‌ಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ದ್ರವ ಮುಗಿಯುತ್ತ ಬಂದಿತ್ತು. ಆಗ ಡಾ. ದಿಲೀಪ್ ಮಹಾಲನಬೀಸ್ ಅವರು ಗ್ಲೂಕೋಸು, ಉಪ್ಪು, ಸೋಡಾಗಳನ್ನು ಕಲ್ಕತ್ತದಲ್ಲಿ ತೂಗಿ ಪೊಟ್ಟಣ ಕಟ್ಟಿಸಿ, ಶಿಬಿರದಲ್ಲಿ ನೀರಿಗೆ ಬೆರೆಸಿ ರೋಗಿಗಳಿಗೆ ಕುಡಿಸಿದರು. ಕುಡಿಸುವ ಕೆಲಸವನ್ನು ರೋಗಿಗಳ ಬಂಧುಗಳಿಗೇ ವಹಿಸಿದರು. ನೂರಕ್ಕೆ ಮೂವತ್ತರ ಹತ್ತಿರವಿದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ನಿಧನರಾದರು. 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ಪ್ರಕಟವಾಯಿತು.

ಆದುದರಿಂದ ಮೊದಲು ಕೈಹಾಕಬೇಕಾದುದು ಓಆರ್‌ಎಸ್ ಪೊಟ್ಟಣಕ್ಕೆ. ಅದು ಸಿಕ್ಕುವವರೆಗೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮತಟ್ಟಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಎದೆಹಾಲನ್ನೂ ಆಹಾರವನ್ನೂ ನಿಲ್ಲಿಸಕೂಡದು. ವೈದ್ಯರ ಸಲಹೆಯಂತೆ ಸತುವಿನ ಮಾತ್ರೆಯನ್ನೂ ಕೊಡಬೇಕು. ಸಕ್ಕರೆ ಹೆಚ್ಚಾದ ಚಹವು ಭೇದಿಯನ್ನು ಹೆಚ್ಚಿಸಬಹುದು. ಚಿಕ್ಕ ಮಕ್ಕಳಿಗೆ ಚಹವೇ ಸಲ್ಲದು. ಮಲದಲ್ಲಿ ರಕ್ತ ಕಂಡರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ ಅಥವಾ ಕುಡಿದುದನ್ನೆಲ್ಲ ವಾಂತಿಮಾಡಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ನಾಳೆಯ ಆಸೆ

ಹಾಗೆಂದು ಫ್ಲೇವನಾಯ್ಡ್‌ಗಳ ಸಂಶೋಧನೆ ವ್ಯರ್ಥವೆನ್ನಲಾಗದು. 2002ರಲ್ಲಿ ಪಶ್ಚಿಮ ಬಂಗಾಳದಲ್ಲಿ, ಸಿಲಿಗುರಿಯ ಸೀಮೆಯಿಂದ ಕೋಲ್ಕತ್ತದವರೆಗೆ, ಹಲವು ಔಷಧಗಳನ್ನು ಅರಗಿಸಿಕೊಂಡ ರಕ್ತಭೇದಿಯ ರೋಗಾಣು ಕಾಣಿಸಿಕೊಂಡಿತು. ಸಿಪ್ರೊಫ್ಲಾಕ್ಸಸಿನ್ ವರ್ಗದ ಮಾತ್ರೆಗಳೂ ಅಲ್ಲಿ ಸೋತವು. ಇಂತಹ ರೋಗಾಣುಗಳಿಂದ 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಜನರು ನೇರವಾಗಿ ಮಡಿದರೆಂದು ಅಂದಾಜು. ಚೀಟಿಯಿಲ್ಲದೆ ಮಾತ್ರೆ ಕೊಳ್ಳುವುದು, ಜ್ವರ ಇಳಿದೊಡನೆ ನಡುವೆಯೇ ಬಿಡುವುದು, ಉಳಿದುದನ್ನು ನೆರೆಯವರಿಗೆ ಕೊಡುವುದು ಈ ಸಾಲವನ್ನು ಬೆಳೆಸುವ ದಾರಿಗಳು.

ಫ್ಲೇವನಾಯ್ಡ್‌ಗಳ ಮೇಲಿನ ಆಸೆ ಇರುವುದು ಇಲ್ಲಿಯೇ. ಪೆನಿಸಿಲಿನ್ ಗುಂಪಿನ ಔಷಧಗಳಿಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಕೂಡ, ಇಜಿಸಿಜಿಯನ್ನು ಜೊತೆಗೆ ಬೆರೆಸಿದಾಗ, ಅದೇ ಔಷಧಗಳಿಗೆ ಮತ್ತೆ ಮಣಿದುದನ್ನು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಒಂಟಿಯಾಗಿ ಗೆಲ್ಲಲಾರದ ಸಸ್ಯವಸ್ತುವು ಹಳೆಯ ಔಷಧಕ್ಕೆ ಹೊಸ ಬಲ ಕೊಡುವ ಸಹಾಯಕನಾಗಬಹುದು. ರಕ್ತಕ್ಕೆ ಸಾಕಷ್ಟು ಸೇರುವಂತೆ, ವಿಷವಾಗದಂತೆ ಅದನ್ನು ತಿದ್ದುವ ಕೆಲಸ ಇನ್ನೂ ಮುಗಿದಿಲ್ಲ.

ಅಲ್ಲಿಯವರೆಗೆ ಮನೆಯವರು ಅನುಸರಿಸಬಹುದಾದ ಮಾತುಗಳು ಕೆಲವೇ. ಬಣ್ಣಬಣ್ಣದ ತರಕಾರಿ, ಹಣ್ಣುಗಳಿಂದ ಫ್ಲೇವನಾಯ್ಡ್‌ಗಳು ಧಾರಾಳವಾಗಿ ದೊರೆಯುತ್ತವೆ. ಸಾರೀಕೃತ ಹಸಿರು ಚಹದ ಗುಳಿಗೆಗಳಿಂದ ಕೆಲವರ ಯಕೃತ್ತಿಗೆ ಹಾನಿಯಾದುದುಂಟು. ಅವನ್ನು ನುಂಗದಿರುವುದು ಮೇಲು. ಚಹದ ಒಗರು ಆಹಾರದಲ್ಲಿರುವ ಕಬ್ಬಿಣವನ್ನೂ ಹಿಡಿದುಕೊಳ್ಳುವುದರಿಂದ, ರಕ್ತಹೀನತೆಯುಳ್ಳ ಹೆಂಗಸರು ಊಟದೊಡನೆ ಚಹ ಕುಡಿಯದೆ ಒಂದು ಗಂಟೆ ಬಿಡುವುದು ಒಳ್ಳೆಯದು. ಕಾಚಿನ ಒಗರು ಹಿತವೆಂದು ಅಡಿಕೆ ಹಾಕಿ ತಾಂಬೂಲ ಮೆಲ್ಲುವವರು, ಅಡಿಕೆಯು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದನ್ನು ಮರೆಯಕೂಡದು.

ಅಜ್ಜಿಯ ಕಷಾಯದಲ್ಲಿಯೂ ನೆರೆಯವರ ‘ಲಿಕರ್ ಚಾ’ದಲ್ಲಿಯೂ ಸತ್ಯವಿದೆ. ಅವರು ನಾಲಗೆಯಿಂದ ಗುರುತಿಸಿದುದನ್ನು ವಿಜ್ಞಾನವು ಬಳೆ, ಸೇತುವೆಗಳ ಚಿತ್ರ ಬರೆದು ದೃಢಪಡಿಸಿದೆ. ಜೊತೆಗೆ ಆ ಸತ್ಯದ ಅಳತೆಯನ್ನೂ ತಿಳಿಸಿದೆ. ದೊಡ್ಡವರು ಗಂಟಲು ಕೆರೆದಾಗ ಬಿಸಿ ಚಹದ ಕುಡಿಕೆಯನ್ನು ಸಂತೋಷದಿಂದ ಹಿಡಿಯಲಿ. ಮಗುವಿಗೆ ಭೇದಿ ಹತ್ತಿದ ರಾತ್ರಿ ಮಾತ್ರ ಆ ಕುಡಿಕೆಯನ್ನು ಬದಿಗಿಟ್ಟು, ಉಪ್ಪು-ಸಕ್ಕರೆಯ ನೀರನ್ನು ಮೊದಲು ಕಲಸಲಿ. ಊರಿನ ಅಜ್ಜಿಗೆ ಅದರ ನಂತರವೂ ದೂರವಾಣಿ ಮಾಡಬಹುದು.